ಕಣ್ಣು ಮುಚ್ಚಿ ಹಿಡಿದ ಕೊಲೆಗಾರ

ವಯಸ್ಸಾದಂತೆ ಮನುಷ್ಯನಿಗೆ ಭಯ ಕಡಿಮೆಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಡಿಮೆಯಾಗುವುದು ಕೂದಲು, ಹಲ್ಲು ಮತ್ತು ನಿದ್ದೆ. ಭಯ ಇದ್ದಷ್ಟೇ ಇರುತ್ತದೆ, ಅದನ್ನು ಬಚ್ಚಿಡುವ ಜಾಣತನ ಮಾತ್ರ ಹೆಚ್ಚುತ್ತದೆ. ಈ ಜಾಣತನದಿಂದಲೇ ನಾನು ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ತಪ್ಪು ಮಾಡಿದ್ದೇನೆ. ನಿಜ ಹೇಳಬೇಕೆಂದರೆ ಎರಡು. ಮೊದಲನೆಯದಕ್ಕೆ ಕ್ಷಮೆ ಕೇಳಲು ಹೋಗಿ ಎರಡನೆಯದನ್ನು ಮಾಡಿಕೊಂಡು ಬಂದೆ. ಹೈಸ್ಕೂಲು ಮುಗಿಸಿ ಅರಸೀಕೆರೆಯ ಕೊಬ್ಬರಿ ಮಂಡಿ ಸೇರಿದವನು ನಾನು, ಬರವಣಿಗೆ ನನ್ನ ಕಸುಬಲ್ಲ. ಆದರೆ ಬಾಯಲ್ಲಿ ಹೇಳಲಾಗದ್ದನ್ನು ಬರೆದಾದರೂ ಹೇಳಬೇಕಾಗಿದೆ.

ನನ್ನ ಗೆಳೆಯ ಮಲ್ಲೇಶನ ವಿಷಯ ಮೊದಲು ಹೇಳಿಬಿಡುತ್ತೇನೆ. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹೈಸ್ಕೂಲಿನಿಂದ ಇಂದಿನವರೆಗೆ ಅವನಿಗೆ ಒಂದೇ ಚಟ, ಪತ್ತೇದಾರಿ ಕಥೆ. ಬೀಡಿ ಸೇದಲಿಲ್ಲ, ಇಸ್ಪೀಟು ಮುಟ್ಟಲಿಲ್ಲ, ಕೊಲೆಯಿಲ್ಲದ ಪುಸ್ತಕ ಓದಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಅವನು ಓದುತ್ತಿದ್ದ ಪುಸ್ತಕದ ಮೊದಲ ಪುಟದಲ್ಲೇ ನಾನು ಪೆನ್ಸಿಲಿನಲ್ಲಿ 'ಕೊಂದವನು ತೋಟದ ಮಾಲಿ' ಎಂದು ಬರೆದಿಟ್ಟಿದ್ದೆ. ಮೂರು ತಿಂಗಳು ಅವನು ನನ್ನೊಂದಿಗೆ ಮಾತು ಬಿಟ್ಟ. ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು, ಆದರೂ ಏನಾದರೂ ಬೇಕಾದರೆ ಮೇಷ್ಟ್ರ ಮೂಲಕ ಕೇಳಿಸುತ್ತಿದ್ದ. ಆ ಮೂರು ತಿಂಗಳ ರುಚಿ ನನಗೆ ಈಗಲೂ ನೆನಪಿದೆ. ಅಂಥದ್ದನ್ನು ಮತ್ತೆ ಮಾಡಬಾರದಿತ್ತು.

ಈಚೆಗೆ ನಮ್ಮೂರಿನ ಟಾಕೀಸಿಗೆ ರಕ್ತ ಸುರಿಯುವ ಒಂದು ಪತ್ತೇದಾರಿ ಚಿತ್ರ ಬಂತು. ನೋಡಿದವರೆಲ್ಲ ಬೇರೆ ಬೇರೆ ಬಣ್ಣದ ಮುಖ ಮಾಡಿಕೊಂಡು ಹೊರಗೆ ಬರುತ್ತಿದ್ದರು. ಹೋಟೆಲಿನ ಭಟ್ಟರು ಎರಡು ದಿನ ಟೊಮ್ಯಾಟೊ ಹೆಚ್ಚಲಿಲ್ಲವಂತೆ. ಪಕ್ಕದ ಗಂಡಸಿ ಊರಿನಿಂದ ಬಂದ ಒಬ್ಬರು ಇಂಟರ್‌ವಲ್ಲಿಗೇ ಎದ್ದು ಬಸ್ ಹಿಡಿದರಂತೆ, ಊರು ತಲುಪಿದ ಮೇಲೆ ಕುತೂಹಲ ತಡೆಯಲಾರದೆ ಮರುದಿನ ಉಳಿದರ್ಧ ನೋಡಲು ಮತ್ತೆ ಬಂದರಂತೆ. ಇದನ್ನೆಲ್ಲ ಕೇಳಿ ಮಲ್ಲೇಶ ಒದ್ದಾಡಿಹೋದ. ಯಾಕೆಂದರೆ ಅದೇ ವಾರ ಅವನ ಕಣ್ಣಿನ ಪೊರೆ ತೆಗೆದಿದ್ದರು. ಕಪ್ಪು ಕನ್ನಡಕ ಹಾಕಿಕೊಂಡು ಮನೆಯಲ್ಲಿ ಕೂತಿರಬೇಕು, ಹದಿನೈದು ದಿನ ಸಿನಿಮಾ ಗಿನಿಮಾ ಕೂಡದು ಎಂದು ಡಾಕ್ಟರ ಅಪ್ಪಣೆ.

"ಲೇ ರಂಗ, ನಾನ್ ನೋಡೋವರ್ಗೂ ನೀನೂ ನೋಡ್ಬೇಡ ಕಣ್ಲಾ. ಇಬ್ರೂ ಒಟ್ಗೆ ಹೋಗಾನ. ಯಾರಾದ್ರೂ ಕಥೆ ಹೇಳಕ್ ಬಂದ್ರೆ ಕಿವಿ ಮುಚ್ಕತೀನಿ," ಎಂದ.

"ಆಗ್ಲಿ ಬಿಡ್ಲಾ," ಎಂದು ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಕೊಟ್ಟ ಮೇಲೆ ಯೋಚನೆ ಹತ್ತಿತು. ಇವನ ಪಕ್ಕದಲ್ಲಿ ಕೂತು ನಾನು ಹೆದರಿಬಿಟ್ಟರೆ? ಮಂಡಿಯಲ್ಲಿ ನಲವತ್ತು ವರ್ಷ ಗಂಟಲೆತ್ತಿ ಆಳಿದವನು ನಾನು. ಮೊದಲೇ ಒಮ್ಮೆ ಗುಟ್ಟಾಗಿ ನೋಡಿಬಿಟ್ಟರೆ ಎಲ್ಲೆಲ್ಲಿ ಹೆದರಬೇಕೆಂದು ಗೊತ್ತಿರುತ್ತದೆ, ಎರಡನೆಯ ಸಲ ಗಂಭೀರವಾಗಿ ಕೂರಬಹುದು. ಹೀಗೆ ಲೆಕ್ಕ ಹಾಕಿ ಹೆಂಡತಿ ಜಯಮ್ಮನನ್ನು ಕರೆದುಕೊಂಡು ಮಧ್ಯಾಹ್ನದ ಆಟಕ್ಕೆ ಹೋದೆ. ಒಬ್ಬನೇ ಹೋಗಲಿಲ್ಲ ಏಕೆ ಎಂದು ನೀವು ಕೇಳಬಾರದು.

ಚಿತ್ರ ಶುರುವಾಗಿ ಹತ್ತು ನಿಮಿಷವಾಗಿರಲಿಲ್ಲ, ಒಂದು ಮನೆಯ ಉಪ್ಪಿನಕಾಯಿ ಜಾಡಿಯಲ್ಲಿ ಇರಬಾರದ್ದು ಸಿಕ್ಕಿತು. ನಾನು ಕನ್ನಡಕ ಒರೆಸುವ ನೆಪದಲ್ಲಿ ಟವಲನ್ನು ಮುಖಕ್ಕೆ ಹಿಡಿದೆ. ಕನ್ನಡಕ ಎಷ್ಟು ಕೊಳೆಯಾಗಿತ್ತೋ, ಚಿತ್ರ ಮುಗಿಯುವವರೆಗೂ ಒರೆಸುತ್ತಲೇ ಇದ್ದೆ. ಪಕ್ಕದಲ್ಲಿ ಜಯಮ್ಮ ಬ್ಯಾಗಿನಿಂದ ಕೊಡುಬಳೆ ತೆಗೆದು ಕಟುಂ ಕಟುಂ ಎಂದು ತಿನ್ನುತ್ತಿದ್ದಳು. "ಜಾಡಿ ಬಾಯಿಗೆ ಒಂದು ಬಟ್ಟೆ ಕಟ್ಟಿದ್ರೆ ಹಿಂಗಾಗ್ತಿತ್ತಾ?" ಎಂದಳು. ನೆಲದ ಮೇಲೆ ರಕ್ತ ಹರಿದಾಗ, "ಪಾಪ, ಬಿಳೀ ಟೈಲ್ಸು ಕಣ್ರೀ. ಯಾರು ಉಜ್ಜಬೇಕು?" ಎಂದಳು. ಮುಂದಿನ ಸಾಲಿನಲ್ಲಿ ಯಾರೋ ದೇವರ ಹೆಸರು ಹೇಳುತ್ತಿದ್ದರು, ಹಿಂದಿನ ಸಾಲಿನಲ್ಲಿ ಯಾರೋ ಓಕರಿಸುತ್ತಿದ್ದರು. ಆ ಇಡೀ ಟಾಕೀಸಿನಲ್ಲಿ ಮನೆಯಲ್ಲಿ ಕೂತಂತೆ ಕೂತಿದ್ದವಳು ನನ್ನ ಹೆಂಡತಿ ಒಬ್ಬಳೇ.

ಕಣ್ಣು ಮುಚ್ಚಿದರೇನು, ಕಿವಿ ಇತ್ತಲ್ಲ. ಇಲ್ಲಿ ನನ್ನ ಕಸುಬಿನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ವರ್ಷದ ಹತ್ತಿರ ಬಿಟ್ಟರೆ ಒಳಗೇ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಒಡೆಯುವ ಮೊದಲು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಕಟಕಟ ಎಂದರೆ ಒಳ್ಳೆಯ ಕೊಬ್ಬರಿ, ಮಂಕಾಗಿ ಲೊಳಕ್ ಎಂದರೆ ಒಳಗೆ ಕೊಳೆತಿದೆ ಎಂದು ಅರ್ಥ. ನಲವತ್ತು ವರ್ಷ ನನ್ನ ಕಿವಿ ತಪ್ಪಿದ್ದು ಕಡಿಮೆ. ಮನುಷ್ಯರನ್ನೂ ಹಾಗೇ ಅಳೆಯಬಲ್ಲೆ ಎಂಬ ಗರ್ವ ನನಗಿತ್ತು. ಚಿತ್ರದ ಡಾಕ್ಟರು, ಟೀಚರಮ್ಮ, ಪತ್ತೇದಾರನ ತಮ್ಮ, ಎಲ್ಲರ ದನಿಯನ್ನೂ ಟವಲಿನೊಳಗೇ ಕೂತು ಅಲ್ಲಾಡಿಸಿ ನೋಡಿದೆ. ಆಸ್ಪತ್ರೆಯ ಕಾಂಪೌಂಡರ್ ಒಂದು ಸಲ ನಕ್ಕ. ಲೊಳಕ್ ಎಂದಿತು. ಇವನೇ ಎಂದು ಅಲ್ಲೇ ತೀರ್ಮಾನಿಸಿದೆ. ಕೊನೆಯಲ್ಲಿ ಕೊಲೆಗಾರನ ಮುಖ ತೋರಿಸುವಾಗ ಆ ನಿರ್ದೇಶಕ ಒಂದು ಮಾತನ್ನೂ ಆಡಿಸಿರಲಿಲ್ಲ, ಬರೀ ಪಿಟೀಲು. ಜನ ಮಾತ್ರ "ಅಯ್ಯಯ್ಯೋ!" ಎಂದರು. ನೋಡಿದೆಯಾ, ನನ್ನ ಕಿವಿ ಸುಳ್ಳಾಡುವುದಿಲ್ಲ ಎಂದು ನಾನು ಟವಲಿನೊಳಗೆ ಬೀಗಿದೆ.

ಹೊರಗೆ ಬಂದರೆ ಕಾಲೇಜು ಹುಡುಗಿಯೊಬ್ಬಳು ಮೊಬೈಲು ಹಿಡಿದು ಜನರ ಅಭಿಪ್ರಾಯ ಕೇಳುತ್ತಿದ್ದಳು. "ತಾತ, ಮೂವಿ ಹೇಗಿತ್ತು? ಭಯ ಆಯ್ತಾ?"

ಭಯವಾಯಿತಾ ಎಂದು ಕೇಳಬಾರದಿತ್ತು. ನಾನು ಎದೆ ಸೆಟೆಸಿ, "ಭಯವಾ? ನನಗಾ? ಒಂದ್ಸಲಾನೂ ರೆಪ್ಪೆ ಮಿಟುಕಿಸ್ಲಿಲ್ಲ ಕಣಮ್ಮ. ಕೊಲೆಗಾರ ಆ ಕಾಂಪೌಂಡರ್ ಅಂತ ಅವ್ನು ನಕ್ಕಾಗ್ಲೇ ಗೊತ್ತಾಗೋಯ್ತು," ಎಂದೆ. ಜಯಮ್ಮ ನನ್ನ ತೋಳು ಜಗ್ಗಿದಳು. ಹುಡುಗಿ ಕಿಸಕ್ಕನೆ ನಕ್ಕಳು, ನನ್ನ ಧೈರ್ಯ ಮೆಚ್ಚಿ ಎಂದುಕೊಂಡೆ. ಆಟೋದಲ್ಲಿ ಜಯಮ್ಮನೂ ಮನೆಯವರೆಗೆ ನಗುತ್ತಲೇ ಇದ್ದಳು. ಯಾಕೆ ಎಂದು ಕೇಳಿದರೆ, "ಕೊಡುಬಳೆ ಚೂರು ಗಂಟಲಿಗೆ ಸಿಕ್ತು," ಎಂದಳು.

ಸಂಜೆಯೊಳಗೆ ನನ್ನ ಮಾತು ಊರಿನ ಮೊಬೈಲುಗಳಲ್ಲೆಲ್ಲ ಓಡಾಡಿತು. ಹೋಟೆಲಿನಲ್ಲಿ ಕೆಲವರು "ಭೇಷ್ ತಾತ!" ಎಂದು ಬೆನ್ನು ತಟ್ಟಿದರು. ಆದರೆ ಅದು ಮಲ್ಲೇಶನ ಸೊಸೆಯ ಮೊಬೈಲಿಗೂ ಹೋಗಿತ್ತು. ಅವನ ಕಣ್ಣಿಗೆ ಕಪ್ಪು ಕನ್ನಡಕವಿತ್ತು, ನನ್ನ ದನಿ ಹೊರಟಾಗ ಕಿವಿ ಮುಚ್ಚಿಕೊಳ್ಳಲು ಪುರುಸೊತ್ತಾಗಿರಲಿಲ್ಲ.

ಮರುದಿನ ಅವನ ಮನೆಗೆ ಹೋದೆ. ಗೋಡೆಯ ಕಡೆ ತಿರುಗಿ ಕೂತಿದ್ದ.

"ಮಲ್ಲೇಶ, ತಪ್ಪಾಯ್ತು ಕಣ್ಲಾ."

"ನನ್ ಕಣ್ಣಿನ ಪೊರೆ ತೆಗುದ್ರು. ಐವತ್ತು ವರ್ಷ ಆದ್ರೂ ನಿನ್ ನಾಲಿಗೇಗೆ ಒಂದು ಪೊರೆ ಬರ್ಲಿಲ್ವಲ್ಲೋ," ಎಂದ. ಆಮೇಲೆ ಸೊಸೆಯನ್ನು ಕರೆದು, "ಅವ್ರಿಗೆ ಕಾಫಿ ಕೊಟ್ಟು ಕಳ್ಸಮ್ಮ," ಎಂದ. ನನ್ನನ್ನು 'ಅವ್ರು' ಮಾಡಿಬಿಟ್ಟಿದ್ದ! ಎಸ್ಸೆಸ್ಸೆಲ್ಸಿಯ ಮೂರು ತಿಂಗಳು ಕಣ್ಣ ಮುಂದೆ ಬಂತು. ಆಗ ನಮಗೆ ಬೇಕಾದಷ್ಟು ತಿಂಗಳುಗಳಿದ್ದವು. ಈಗ ಇಬ್ಬರಿಗೂ ಮೂರು ತಿಂಗಳು ಪೋಲು ಮಾಡುವಷ್ಟು ಶ್ರೀಮಂತಿಕೆಯಿಲ್ಲ.

ಹದಿನೈದು ದಿನ ಕಳೆಯಿತು. ಮಲ್ಲೇಶ ಒಬ್ಬನೇ ಆ ಚಿತ್ರಕ್ಕೆ ಹೋದನೆಂದು ತಿಳಿದು ಟಾಕೀಸಿನ ಗೇಟಿನಲ್ಲಿ ಕಾದು ನಿಂತೆ. ಬೈದರೆ ಬೈಯಲಿ, ಬೈಯಲಿಕ್ಕಾದರೂ ಮಾತಾಡಬೇಕಲ್ಲ ಎಂಬ ಆಸೆ. ಆಟ ಬಿಟ್ಟಿತು. ಮಲ್ಲೇಶ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬಂದ. ನನ್ನನ್ನು ಕಂಡವನೇ ಓಡಿಬಂದು ತಬ್ಬಿಕೊಂಡ.

"ಲೇ ಕಳ್ಳ ನನ್ಮಗನೆ! ಪೂರ್ತಿ ಪಿಚ್ಚರು ಆ ಕಾಂಪೌಂಡರ್ ಮೇಲೇ ಕಣ್ಣಿಟ್ಟು ಕೂತಿದ್ದೆ ಕಣ್ಲಾ. ಕೊನೇಲಿ ಆ ಮುಖ ಬಂತು ನೋಡು, ಹೆಂಗ್ ಎಗರಿದೆ ಅಂದ್ರೆ ಚಪ್ಪಲಿ ಎಲ್ ಹೋಯ್ತೋ ಗೊತ್ತಿಲ್ಲ! ಎಷ್ಟ್ ಓದಿದ್ರೂ ಹಿಂಗೆ ಮೋಸ ಹೋಗಿರ್ಲಿಲ್ಲ. ನನ್ ಸಲುವಾಗಿ ಊರಿಗೆಲ್ಲಾ ಸುಳ್ಳು ಹೇಳಿದ್ಯಲ್ಲೋ! ಸ್ನೇಹಿತ ಅಂದ್ರೆ ನೀನು."

ಕಾಂಪೌಂಡರ್ ಅಲ್ಲವೇ? ಹಾಗಾದರೆ ಹೋಟೆಲಿನ ಆ ಭೇಷ್ ಎಲ್ಲ, ಬೇಕೆಂದೇ ತಪ್ಪು ಹೆಸರು ಹೇಳಿ ಗುಟ್ಟು ಉಳಿಸಿದೆನೆಂದು! ಅಲ್ಲೇ ನಿಜ ಹೇಳಬಹುದಿತ್ತು. ಆದರೆ ಅವನು ನನ್ನ ಹೆಗಲ ಮೇಲೆ ಕೈ ಹಾಕಿದ್ದ, ಮತ್ತೆ 'ಕಣ್ಲಾ' ಎಂದಿದ್ದ. ಆ ಕೈಯನ್ನು ಇಳಿಸುವ ಶಕ್ತಿ ನನಗಿರಲಿಲ್ಲ. "ಏನೋಪ್ಪ... ನಿನ್ ಖುಷಿ ಹಾಳಾಗ್ಬಾರ್ದು ಅಂತ," ಎಂದುಬಿಟ್ಟೆ. ಮೆಲ್ಲಗೆ, "ಆ ಮುಖ ಕಂಡಾಗ ನಿನಗೆ ಏನನ್ನಿಸ್ತು? ಯಾರು ಅಂತ..." ಎಂದು ಎಳೆದೆ. ಅವನು ಟಿಕೆಟ್ಟಿನ ಸಾಲು ನೋಡಿ ತುಟಿಯ ಮೇಲೆ ಬೆರಳಿಟ್ಟ. "ಶ್! ಜನ ಅವ್ರೆ. ಹೆಸರು ಎತ್ತಬೇಡ. ಇನ್ಮೇಲೆ ನಾನೂ ಕಾಂಪೌಂಡರ್ ಅಂತಲೇ ಹೇಳ್ತೀನಿ."

ಹೇಳುತ್ತಲೂ ಇದ್ದಾನೆ. ಊರೂ ಹಾಗೇ ಹೇಳುತ್ತಿದೆ. ಗುಟ್ಟು ಕಾಪಾಡಿದ ದೊಡ್ಡ ಮನುಷ್ಯ ಎಂಬ ಹೆಸರು ನನಗೆ ಬಂದಿದೆ. ಆ ಗುಟ್ಟು ಏನೆಂದು ಗೊತ್ತಿಲ್ಲದವನು ಈ ಊರಿನಲ್ಲಿ ಬಹುಶಃ ನಾನೊಬ್ಬನೇ. ಚಿತ್ರ ಟಾಕೀಸಿನಿಂದ ಹೋಯಿತು. ಇನ್ನೊಮ್ಮೆ ಬಂದರೂ ಕಣ್ಣು ಬಿಟ್ಟು ನೋಡುವ ಗುಂಡಿಗೆ ಎಲ್ಲಿಂದ ತರಲಿ? ಡಾಕ್ಟರೋ, ಟೀಚರಮ್ಮನೋ, ತಮ್ಮನೋ ಎಂದು ಒಬ್ಬೊಬ್ಬರ ದನಿಯನ್ನೂ ಮನಸ್ಸಿನಲ್ಲಿ ಅಲ್ಲಾಡಿಸಿ ನೋಡುತ್ತೇನೆ. ಎಲ್ಲವೂ ಕಟಕಟ ಎನ್ನುತ್ತವೆ. ಜಯಮ್ಮನನ್ನು ಕೇಳಿದರೆ, "ಮೊದ್ಲು ಮಲ್ಲೇಶಣ್ಣಂಗೆ ನಿಜ ಹೇಳ್ಬನ್ನಿ. ಆಮೇಲೆ ಹೇಳ್ತೀನಿ," ಎನ್ನುತ್ತಾಳೆ.

ಅದಕ್ಕೇ ಇದನ್ನು ಬರೆದೆ. ಮಲ್ಲೇಶನಿಗೆ ಈಗ ಕಣ್ಣು ಚೆನ್ನಾಗಿ ಕಾಣುತ್ತದೆ, ಸಿಕ್ಕಿದ್ದನ್ನೆಲ್ಲ ಓದುತ್ತಾನೆ, ಇದನ್ನೂ ಓದಿಯೇ ಓದುತ್ತಾನೆ. ಮಲ್ಲೇಶ, ನಾನು ಟವಲಿನೊಳಗಿದ್ದೆ ಕಣ್ಲಾ. ಮಾತು ಬಿಡುವುದಾದರೆ ಬಿಡು, ನನಗೆ ತಕ್ಕದ್ದೇ. ಬಿಡುವ ಮೊದಲು ಒಂದೇ ಒಂದು ಮಾತು ಹೇಳಿ ಬಿಡು: ಯಾರ್ಲಾ ಅದು?