ಒತ್ತು ಕೊಡುವವರು ಯಾರು?

ಒಂದಾನೊಂದು ಕಾಲದಲ್ಲಿ ಎಂದೊಡನೆ ರಾಜನನ್ನು ಹುಡುಕಬೇಡಿ, ಕಾಲ ಮೊನ್ನೆಮೊನ್ನೆಯದು. ಏಳು ಸಮುದ್ರ ದಾಟುವುದೂ ಬೇಡ. ಬಸ್ಸಿಳಿದು ಬಲಕ್ಕೆ ಹೊರಳಿದರೆ ಒಂದು ಗಲ್ಲಿ, ಗಲ್ಲಿಯ ತುದಿಗೆ ಬೋರ್ಡು ಬರೆಯುವ ಅಂಗಡಿ. ಅಲ್ಲಿ ಉದ್ದನೆಯ ಮೇಜಿನ ಎಡಗಡೆ ತಾತ, ಬಲಗಡೆ ಅಕ್ಕ, ನಡುವೆ ಗಾಣಕ್ಕೆ ಸಿಕ್ಕ ಕಬ್ಬಿನಂತೆ ಗೆರೆಯಣ್ಣ. ನೇರ ಗೆರೆ ಎಳೆಯುವುದರಲ್ಲಿ ಎತ್ತಿದ ಕೈ, ಅದಕ್ಕೇ ಆ ಹೆಸರು. ಆದರೆ ಎಳೆಯಲು ಬಿಟ್ಟರೆ ತಾನೆ? ತಾತ ಹಾಡು ಗುನುಗುತ್ತಾ ಮೊಣಕೈಯಲ್ಲಿ ತಾಳ ಹಾಕುವುದು ಇವನ ಪಕ್ಕೆಲುಬಿಗೆ. ಅಕ್ಕನ ಬುದ್ಧಿವಾದವೋ, ಸೋರುವ ನಲ್ಲಿ.

ಕಿಟಕಿಯ ಪಕ್ಕ ಇನ್ನೊಂದು ಮೇಜಿತ್ತು. ಬೆಳಕು, ಗಾಳಿ, ಮುಖ್ಯವಾಗಿ ಯಾರೂ ಇಲ್ಲ. ಗೆರೆಯಣ್ಣನಿಗೆ ಕನಸಿನಲ್ಲೂ ಅದೇ ಮೇಜು.

ಹೀಗಿರಲು, ಯಜಮಾನರು ಎಲ್ಲೋ ತರಬೇತಿಗೆ ಹೋಗಿ ಹೊಸ ಮನುಷ್ಯರಾಗಿ ಬಂದರು. ಇನ್ನು ಮೇಲೆ ಒಂದು ಬೋರ್ಡನ್ನು ಒಬ್ಬರೇ ಬರೆಯುವಂತಿಲ್ಲ, ಎಲ್ಲರೂ ಕೂಡಿ ಬರೆಯಬೇಕು. ಮೊದಲಿಗೆ ಅಂಗಡಿಯ ಬಾಗಿಲ ಮೇಲೆ ‘ಒಗ್ಗಟ್ಟು’ ಎಂಬ ಬೋರ್ಡು ಸಂಜೆಯೊಳಗೆ ಏರಬೇಕು ಎಂದರು. ಆಮೇಲೆ ಗೆರೆಯಣ್ಣನನ್ನು ಪಕ್ಕಕ್ಕೆ ಕರೆದರು.

“ಜಗಳ ಇಲ್ದೆ ಮೂವರ ಕೈಯಲ್ಲೂ ಬರೆಸಿಬಿಡು. ಕಿಟಕಿ ಮೇಜು ನಿಂಗೆ ಕೊಟ್ಟೆ. ಒಬ್ನೇ ಹಾಯಾಗಿ ಕೂತ್ಕೋ.”

ಒಬ್ಬನೇ ಇರಲಿಕ್ಕೋಸ್ಕರ ಒಗ್ಗಟ್ಟು ಮಾಡಲು ಗೆರೆಯಣ್ಣ ಟೊಂಕ ಕಟ್ಟಿದ.

ಹಿರಿಯನೆಂದು ತಾತ ‘ಒ’ ಹಿಡಿದರು. ಕೊಂಬು ಬರೆಯುವ ಕೈ ತನ್ನದೇ ಎಂದು ಅಕ್ಕ ‘ಟ್ಟು’ ಹಿಡಿದಳು. ‘ಗ್ಗ’ ಗೆರೆಯಣ್ಣನ ಪಾಲಿಗೆ ಬಂತು, ಅಲ್ಲೂ ನಡುವೆಯೇ. ಒತ್ತುಗಳನ್ನು ಕೊನೆಗಿಟ್ಟು ಮೂವರೂ ಶುರುಮಾಡಿದರು. ತಾತನ ‘ಒ’ ಉಂಡು ಮಲಗಿದ ಬೆಕ್ಕಿನಂತೆ ಉಬ್ಬಿತು. ಅಕ್ಕನ ‘ಟು’ ಮದುವೆಗೆ ಹೊರಟವಳಂತೆ ಬಳುಕಿತು. ಗೆರೆಯಣ್ಣನ ‘ಗ’ ಪೊಲೀಸರ ಹಾಗೆ ಸೆಟೆದು ನಿಂತಿತು.

ಆಮೇಲೆ ಅವನು ‘ಗ’ದ ಕೆಳಗೆ ಒತ್ತು ಬರೆಯಲು ಬ್ರಷ್ ಇಳಿಸಿದ. ಒತ್ತಿನ ಬಾಲ ತನ್ನ ಜಾಗಕ್ಕೆ ಬರುತ್ತದೆ ಎಂದು ಅಕ್ಕ ತಕರಾರು ತೆಗೆದಳು. ಒತ್ತುಗಳನ್ನು ಒಬ್ಬರೇ ಬರೆಯಬೇಕು, ಇಲ್ಲದಿದ್ದರೆ ಒಂದು ಆನೆ ಒಂದು ಇಲಿ ಆಗುತ್ತದೆ ಎಂದು ಎದುರಂಗಡಿಯ ದರ್ಜಿ ಸೂಜಿಗೆ ದಾರ ಪೋಣಿಸುತ್ತಲೇ ತೀರ್ಪು ಕೊಟ್ಟ. ಮಾತು ಏರುವಷ್ಟರಲ್ಲಿ ಯಜಮಾನರ ಕೆಮ್ಮು ಕೇಳಿಸಿತು. ಕಿಟಕಿ ಮೇಜು ಕೈತಪ್ಪಿತೇ ಎಂದು ಗೆರೆಯಣ್ಣ ಬ್ರಷ್ ಕೆಳಗಿಟ್ಟ. ಮೂವರೂ ಥಟ್ಟನೆ ಜೇನಾದರು.

“ಅಕ್ಕ, ಒತ್ತು ನೀವೇ ಬರೀರಿ. ನಿಮ್ಮ ಕೈ ಮುಂದೆ ನಂದೇನು?”

“ಛೇ, ತಾತ ಇರೋವಾಗ ನಾನಾ?”

“ನಂಗೆ ಸೊಂಟ ಬಗ್ಗಲ್ಲಮ್ಮ. ತಮ್ಮ ಬರೀಲಿ ಬಿಡು.”

ಮಾತು ಮತ್ತೆ ತಮ್ಮನಿಗೇ ಬಂತು, ಮತ್ತೆ ಅಕ್ಕನಿಗೆ ಹೋಯಿತು. ಕೊನೆಗೆ ಅಕ್ಕ ಬರೆಯುತ್ತಾಳೆಂದು ಗೆರೆಯಣ್ಣ ಏಣಿ ತರಲು ಹೋದ. ತಾತ ಬರೆಯುತ್ತಾರೆಂದು ಅಕ್ಕ ಬ್ರಷ್ ತೊಳೆಯಲು ಹೋದಳು. ತಮ್ಮ ಬರೆಯುತ್ತಾನೆಂದು ತಾತ ಕಣ್ಣು ಮುಚ್ಚಿದರು. ಯಜಮಾನರು ಸಂಜೆಯ ಭಾಷಣ ಬಾಯಿಪಾಠ ಮಾಡುತ್ತಾ ಬಂದು, ಓದಿ ನೋಡದೆಯೇ ಮುಗಿದಿದೆ ಎಂದುಕೊಂಡು, ಬೋರ್ಡಿನ ಮುಂದೆ ಬಟ್ಟೆ ಇಳಿಬಿಟ್ಟು ಬಾಗಿಲ ಮೇಲೆ ಏರಿಸಿಬಿಟ್ಟರು.

ಸಂಜೆ ಗಲ್ಲಿಯೆಲ್ಲ ನೆರೆಯಿತು. ಯಜಮಾನರು ಕೂಡಿ ದುಡಿಯುವುದರ ಬಗ್ಗೆ ಭಾಷಣ ಮುಗಿಸಿ ಬಟ್ಟೆ ಎಳೆದರು.

‘ಒಗಟು.’

ದರ್ಜಿ ಜೋರಾಗಿ ಓದಿದ, ಯಾರಿಗಾದರೂ ಕಾಣದಿದ್ದರೆ ಎಂದು. ಯಜಮಾನರ ಮುಖ ಬಣ್ಣದ ಡಬ್ಬಿಗಳನ್ನೆಲ್ಲ ಒಂದೊಂದಾಗಿ ತೆರೆದಂತೆ ಬದಲಾಯಿತು. ಗೆರೆಯಣ್ಣ ಏಣಿಯ ಹಿಂದೆ ಅಡಗಿದ; ಏಣಿಯ ಹಿಂದೆ ಅಡಗುವವನು ಎಷ್ಟು ಅಡಗಿಯಾನು?

ಆಗ ಗುಂಪಿನಿಂದ ಶಾಲೆಯ ಹೆಡ್‌ಮೇಡಂ ಮುಂದೆ ಬಂದರು. ಮಕ್ಕಳಿಗೆಂದು ಒಗಟಿನ ಕೋಣೆ ಮಾಡುತ್ತಿದ್ದಾರಂತೆ. “ಮೂರಕ್ಷರ ಮೂರು ಥರ. ನೋಡಿದ್ರೇನೇ ತಲೆ ಕೆರ್ಕೋಬೇಕು. ಇದನ್ನ ನಮಗೇ ಕೊಡಿ. ಗೋಡೆಗೆಲ್ಲ ಇಂಥವೇ ಬೇಕು, ಇದೇ ಮೂರು ಕೈಯಿಂದ.”

ಯೋಚಿಸಿಯೇ ಹಾಗೆ ಬರೆಸಿದ್ದು ಎಂದು ಯಜಮಾನರು ಕಣ್ಣು ಮಿಟುಕಿಸದೆ ಹೇಳಿದರು.

ಗೆರೆಯಣ್ಣ ಮೆಲ್ಲಗೆ ಅವರ ಬಳಿ ಸರಿದ. “ಯಜಮಾನ್ರೇ, ಕಿಟಕಿ ಮೇಜು...”

“ಕೊಟ್ಟೆ ಅಂದ್ರೆ ಕೊಟ್ಟೆ ಕಣಯ್ಯ.”

ಅವನು ಹಾರುತ್ತಲೇ ಒಳಗೆ ಹೋಗಿ ಕುಂಚಗಳನ್ನು ಕಿಟಕಿಯ ಬಳಿ ಜೋಡಿಸಿದ. ಗಾಳಿ ಬೀಸಿತು. ಆಹಾ ಎಂದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬೆನ್ನ ಹಿಂದೆ ಸ್ಟೂಲುಗಳು ಸದ್ದು ಮಾಡಿದವು.

“ಆರ್ಡರ್ ಮೂರು ಕೈಗೆ ಬಂದಿದೆ,” ಎಂದರು ಯಜಮಾನರು. “ಮೂವರೂ ಇಲ್ಲೇ ಕೂತ್ಕೊಳ್ಳಿ. ಉದ್ದದ ಮೇಜನ್ನ ಮೇಡಮ್ಮಿಗೆ ಕೊಟ್ಬಿಟ್ಟೆ, ಮಕ್ಕಳಿಗೆ ಬೇಕಂತೆ. ಮೊದ್ಲು ನಮ್ಮ ಬಾಗಿಲಿಗೆ ಹೊಸದೊಂದು ‘ಒಗ್ಗಟ್ಟು’ ಬರ್ದು ಮುಗ್ಸಿ.”

ಒಬ್ಬರಿಗೆಂದು ಮಾಡಿದ ಮೇಜು. ತಾತ ಬಂದರು, ಮೊಣಕೈಯೂ ಬಂತು. ಅಕ್ಕ ಬಂದಳು, ಕಿಟಕಿಗೆ ಬೆನ್ನು ಕೊಟ್ಟು ಕೂತರೆ ಶೀತವಾಗುತ್ತದೆಂದು ಅದರ ಬಾಗಿಲು ಎಳೆದುಕೊಂಡಳು. ಒಬ್ಬರು ಉಸಿರು ಬಿಟ್ಟರೆ ಮಾತ್ರ ಇನ್ನೊಬ್ಬರು ಉಸಿರು ತೆಗೆದುಕೊಳ್ಳಬೇಕು, ಅಷ್ಟು ಜಾಗ. ಬ್ರಷ್ಷನ್ನು ಒಬ್ಬರೇ ಹಿಡಿಯಲು ಆಗಲೇ ಇಲ್ಲ, ಮೂವರೂ ಹಿಡಿದರು. ಹಾಗೆ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತು, ಹೊಸ ಬೋರ್ಡಿನಲ್ಲಿ ‘ಗ’ದ ಕೆಳಗೊಂದು, ‘ಟು’ವಿನ ಕೆಳಗೊಂದು, ಅಂತೂ ಒತ್ತು ಬರೆದು ಮುಗಿಸಿದರು.