ಬಂಡೆ ಹತ್ತುವ ಶೂ, ಒಂದು ಸೈಜ್ ದೊಡ್ಡದು

ನಮ್ಮ ಮನೆಯಲ್ಲಿ ಇವತ್ತಿನವರೆಗೆ ಯಾರೂ ಅಳತೆಗೆ ಸರಿಯಾದ ಶೂ ಕೊಂಡವರಲ್ಲ. ಅದಕ್ಕೆ ಕಾರಣ ಬಡತನವಲ್ಲ, ದೂರದೃಷ್ಟಿ. ಚಿಕ್ಕಂದಿನಲ್ಲಿ ಗುಬ್ಬಿಯ ಚಪ್ಪಲಿ ಅಂಗಡಿಯಲ್ಲಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಅಪ್ಪ ಹೊಸ ಶೂವಿನ ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಒತ್ತಿದಲ್ಲಿ ನನ್ನ ಕಾಲ್ಬೆರಳು ಸಿಕ್ಕಿತೋ, ಆ ಶೂ ಫೇಲು. ಏನೂ ಸಿಗದೆ ಒಳಕ್ಕೆ ತಗ್ಗಿತೋ, ಪಾಸು. "ಒಂದ್ ಸೈಜ್ ದೊಡ್ಡದೇ ಇರ್ಲಿ, ಬೆಳೆಯೋ ವಯಸ್ಸು" ಎನ್ನುತ್ತಿದ್ದರು. ಉಳಿದ ಜಾಗಕ್ಕೆ ಅಮ್ಮ ಅರಳೆ ತುರುಕುತ್ತಿದ್ದಳು. ನನ್ನ ಮದುವೆಗೆ ಶೂ ಕೊಳ್ಳುವಾಗಲೂ ಅಪ್ಪ ಅದೇ ಮಾತು ಹೇಳಿದರು. ಅಂಗಡಿಯವನು ಆಗಲೇ ಬೋಳಾಗುತ್ತಿದ್ದ ನನ್ನ ತಲೆಯನ್ನೊಮ್ಮೆ ನೋಡಿ ದೊಡ್ಡದನ್ನೇ ಕಟ್ಟಿಕೊಟ್ಟ. ಮದುವೆಯ ಫೋಟೋಗಳಲ್ಲಿ ನಾನು ಅಷ್ಟು ಗಂಭೀರವಾಗಿ ನಿಂತಿರುವುದು ಸಂಸಾರದ ಯೋಚನೆಯಿಂದಲ್ಲ, ಕಾಲೆತ್ತಿದರೆ ಶೂ ಅಲ್ಲೇ ಉಳಿದೀತೆಂಬ ಭಯದಿಂದ.

ಇಂಥ ಸಂಸ್ಕಾರದಲ್ಲಿ ಬೆಳೆದ ನಾನು ನಲವತ್ತು ದಾಟಿದ ಮೇಲೆ ಬಂಡೆ ಹತ್ತಲು ಹೊರಟೆ. ಕ್ಯಾತ್ಸಂದ್ರದ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರದ ಮೇಷ್ಟ್ರು. ಅಲ್ಲೇ ಫಿಸಿಕ್ಸ್ ಕಲಿಸುವ ನಸ್ರೀನ್ ಮೇಡಂ ತಮ್ಮ ನಾಲ್ಕಾರು ಗೆಳೆಯರೊಂದಿಗೆ ಭಾನುವಾರ ಬೆಳಿಗ್ಗೆ ಕುಣಿಗಲ್ ಕಡೆಯ ಬಂಡೆಗಳಿಗೆ ಹೋಗುತ್ತಾರೆ. ಅದಕ್ಕೆ ಬೌಲ್ಡರಿಂಗ್ ಎನ್ನುತ್ತಾರಂತೆ. ಹಗ್ಗವಿಲ್ಲ, ಬಂಡೆ ಎರಡಾಳೆತ್ತರ, ಬಿದ್ದರೆ ಇರಲಿ ಎಂದು ಬುಡದಲ್ಲೊಂದು ದಪ್ಪ ಹಾಸಿಗೆ. ಡಾಕ್ಟರು ಹೇಳಿದ ವಾಕಿಂಗಿಗಿಂತ ಇದೇ ವಾಸಿ ಎಂದು ಸೇರಿಕೊಂಡವನಿಗೆ ಹುಚ್ಚೇ ಹಿಡಿಯಿತು. ಅದು ವ್ಯಾಯಾಮದ ಹುಚ್ಚಲ್ಲ. ಹತ್ತಿದವರೆಲ್ಲ ಬಂಡೆಯ ನೆತ್ತಿಯಲ್ಲಿ ಕೂತು ಫ್ಲಾಸ್ಕಿನ ಟೀ ಕುಡಿಯುತ್ತಾರೆ, ಏನೋ ಹೇಳಿಕೊಂಡು ನಗುತ್ತಾರೆ. ಕೆಳಗಿರುವವನಿಗೆ ನಗು ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಕೆಳಗಿರುವವನು ನಾನು. ಪಕ್ಕದ ಹಳ್ಳಿಯ ನಾಯಿಗಳಿಗೆ ಚಪ್ಪಲಿಯೆಂದರೆ ಪ್ರಾಣ. ಹತ್ತಲಾರದ ನನಗೆ ಎಲ್ಲರ ಚಪ್ಪಲಿ ಕಾಯುವ ಕೆಲಸ ಯಾರೂ ಹೇಳದೆಯೇ ಬಂದುಬಿಟ್ಟಿತ್ತು. ಒಂದೇ ಒಂದು ಭಾನುವಾರ ಮೇಲೆ ಕೂತು ಆ ಟೀ ಕುಡಿಯಬೇಕೆಂದು ನನಗೆ ಆಸೆಯಾಯಿತು.

ಹತ್ತಲಾಗದ ತಪ್ಪು ನನ್ನದಲ್ಲ, ನನ್ನ ವಾಕಿಂಗ್ ಶೂವಿನದು ಎಂದು ತೀರ್ಮಾನಿಸಿ ನಸ್ರೀನ್ ಮೇಡಂ ಅವರನ್ನು ಕೇಳಿದೆ. ಇದಕ್ಕೆಂದೇ ಬೇರೆ ಶೂ ಬರುತ್ತದೆ ಎಂದರು. "ಟೈಟಾಗಿರ್ಬೇಕು ಸಾರ್. ಬೆರಳು ಮುಂದಕ್ಕೆ ತಾಕ್ಬೇಕು, ಆದ್ರೆ ನೋಯ್ಬಾರ್ದು." ನಾನು ತಲೆಯಾಡಿಸಿದೆ. ಆದರೆ ಮೊಬೈಲಿನಲ್ಲಿ ಆರ್ಡರ್ ಮಾಡುವಾಗ ಸೈಜ್ ಕೇಳಿತು ನೋಡಿ, ಅಪ್ಪನ ಹೆಬ್ಬೆರಳು ನನ್ನ ಹೆಬ್ಬೆರಳಿನೊಳಗೆ ಬಂದು ಕೂತುಬಿಟ್ಟಿತು. ಒಂದು ಸೈಜ್ ದೊಡ್ಡದನ್ನೇ ಒತ್ತಿದೆ. ಭಾನುವಾರ ಅರಳೆ ತುರುಕಿಕೊಂಡು ಹೋದೆ. ಬಂಡೆಯ ಅಂಚಿನ ಮೇಲೆ ಕಾಲಿಟ್ಟು ಏಳುವಾಗ ಶೂ ಭದ್ರವಾಗಿಯೇ ನಿಂತಿತ್ತು, ಒಳಗಿದ್ದ ಕಾಲು ಮಾತ್ರ ಪಕ್ಕಕ್ಕೆ ತಿರುಗಿತು. ನಾನು ಹಾಸಿಗೆಯ ಮೇಲೆ, ನನ್ನ ಸುತ್ತ ಅರಳೆ. ಅದನ್ನು ಕಂಡು ಹಾಸಿಗೆಯೇ ಹರಿಯಿತೆಂದು ಎಲ್ಲರಿಗೂ ಗಾಬರಿ. ಆ ಶೂ ಈಗ ನಿಟ್ಟೂರಿನ ನನ್ನ ಭಾವಮೈದನ ಹತ್ತಿರ ಇದೆ. ಅದನ್ನು ಹಾಕಿಕೊಂಡು ಬೈಕ್ ಓಡಿಸಿದರೆ ಗೇರು ಚೆನ್ನಾಗಿ ಬೀಳುತ್ತದಂತೆ.

ಎರಡನೆಯ ಸಲ ಅಪ್ಪನ ವಿರುದ್ಧ ಬಂಡೆದ್ದು ಎರಡು ಸೈಜ್ ಚಿಕ್ಕದು ತರಿಸಿದೆ. ಅದನ್ನು ಹಾಕಿಕೊಳ್ಳಲು ಕಾಲಿಗೆ ಪೌಡರು, ಬಾಗಿಲ ಚೌಕಟ್ಟಿನ ಆಸರೆ, ನಡುನಡುವೆ ವಿಶ್ರಾಂತಿ ಎಲ್ಲ ಬೇಕಾಯಿತು. ಪಳಗಲಿ ಎಂದು ತುಮಕೂರಿನ ಬಟವಾಡಿಯ ನಮ್ಮ ಬಾಡಿಗೆ ಮನೆಯಲ್ಲಿ ವಾರವಿಡೀ ಸಂಜೆ ಅದನ್ನು ಹಾಕಿಕೊಂಡೇ ಟಿವಿ ನೋಡಿದೆ. ಹವಾಮಾನ ವರದಿಗೆಲ್ಲ ನಾನು ಕಣ್ಣೊರೆಸಿಕೊಳ್ಳುವುದನ್ನು ಹೆಂಡತಿ ಗಿರಿಜಾ ಗಮನಿಸಿದಳು. "ಅಲ್ಲಾ ರೀ, ಇದು ಕಾಲಿಗೆ ತಗೊಂಡಿದ್ದೋ, ಕಾಲಿನ್ ಮೇಲೆ ಸೇಡು ತೀರ್ಸ್ಕೊಳ್ಳಕ್ಕೋ?" ಎಂದಳು. ಇದೆಲ್ಲ ಹತ್ತುವವರಿಗಷ್ಟೇ ಅರ್ಥವಾಗುವ ವಿಷಯ ಎಂದುಬಿಟ್ಟೆ. ಹಾಗಾದರೆ ಹತ್ತುವುದನ್ನೂ ನೋಡಿಯೇಬಿಡೋಣ ಎಂದು ಆ ಭಾನುವಾರ ಅವಳೂ ಚಿತ್ರಾನ್ನದ ಡಬ್ಬಿ ಹಿಡಿದು ಸ್ಕೂಟರಿನ ಹಿಂದೆ ಕೂತಳು.

ಬಂಡೆಯ ಬುಡದಲ್ಲಿ ಎಡಗಾಲಿನ ಶೂ ಹೇಗೋ ಹೋಯಿತು. ವಾರದ ಹಿಂಸೆಗೆ ಊದಿಕೊಂಡಿದ್ದ ಬಲಗಾಲು ಒಳಗೆ ಹೋಗಲಾರೆನೆಂದು ಹಟ ಹಿಡಿಯಿತು. ನನ್ನ ಒದ್ದಾಟ ನೋಡಲಾರದೆ ಗಿರಿಜಾ ಅದನ್ನು ಕಿತ್ತುಕೊಂಡು ತನ್ನ ಕಾಲಿಗೆ ಹಾಕಿ ನೋಡಿದಳು. ಪೌಡರಿಲ್ಲದೆ ಸಲೀಸಾಗಿ ಹೋಯಿತು. ನನ್ನ ಎಡಗಾಲಿನಿಂದ ಕಿತ್ತ ಇನ್ನೊಂದೂ ಹೋಯಿತು. ನಸ್ರೀನ್ ಮೇಡಂ ಮೂತಿ ಒತ್ತಿ ನೋಡಿದರು. ಬೆರಳು ತಾಕುತ್ತಿತ್ತು, ನೋಯುತ್ತಿರಲಿಲ್ಲ. ಗಿರಿಜಾ ವೇಲನ್ನು ಸೊಂಟಕ್ಕೆ ಬಿಗಿದು ಬಂಡೆಗೆ ಕೈ ಹಾಕಿದಳು, ಒಂದೆರಡು ಸಲ ಹಾಸಿಗೆಗೆ ಬಿದ್ದು ನಕ್ಕಳು, ಆಮೇಲೆ ಮೇಲೆ ಹೋಗಿಯೇಬಿಟ್ಟಳು. ಹಿಂದೆಯೇ ಎಲ್ಲರೂ ಹತ್ತಿದರು, ಬೆನ್ನಚೀಲದಲ್ಲಿ ಚಿತ್ರಾನ್ನವೂ ಹತ್ತಿತು. ಮೇಲಿಂದ ನಗು ಕೇಳಿಸಿತು. ಯಾರ ವಿಷಯವೆಂದು ಈ ಸಲ ನನಗೆ ಮಾತು ಕೇಳಿಸಬೇಕಾಗಿರಲಿಲ್ಲ.

"ಬರಿಗಾಲಲ್ಲೇ ಬನ್ರೀ" ಎಂದು ಗಿರಿಜಾ ಮೇಲಿಂದ ಬಗ್ಗಿ ಕರೆದಳು. "ನೀವು ಬರೋವರ್ಗೂ ಡಬ್ಬಿ ತೆಗೆಯಲ್ಲ."

ಹೊಟ್ಟೆಕಿಚ್ಚೋ ಹಸಿವೋ, ಬಂಡೆಗೆ ಕಾಲಿಟ್ಟೆ. ಕಲ್ಲು ತಣ್ಣಗಿತ್ತು. ಶೂವಿನೊಳಗಿಂದ ಎಂದೂ ಸಿಗದ ಅಂಚು ಬೆರಳಿಗೆ ಸಿಕ್ಕಿತು. ಮೊಣಕಾಲು ತರಚಿತು, ಅಂಗಿಯ ಗುಂಡಿ ಹಾರಿತು, ಕೊನೆಗೆ ಹೊಟ್ಟೆಯನ್ನು ಎಳೆದುಕೊಂಡು ನೆತ್ತಿಯ ಮೇಲೆ ಬಿದ್ದೆ. ನನಗಾದ ಸಂತೋಷಕ್ಕೆ ಕೂಗಿಬಿಡೋಣ ಅನ್ನಿಸಿತು, ಆದರೆ ಉಸಿರಿರಲಿಲ್ಲ. ನಸ್ರೀನ್ ಮೇಡಂ ಟೀ ಬಗ್ಗಿಸಿ ಕೊಟ್ಟರು. ಅದು ಸಾಧಾರಣ ಟೀ, ಸಕ್ಕರೆ ಜಾಸ್ತಿ. ಅಷ್ಟು ರುಚಿಯಾದ ಟೀ ನಾನು ಇನ್ನೊಂದು ಕುಡಿದಿಲ್ಲ.

ಲೋಟ ಅರ್ಧವಾಗಿತ್ತು. ಕೆಳಗೆ, ಕಾಯುವವರಿಲ್ಲದ ಚಪ್ಪಲಿಗಳ ನಡುವೆ ನಾಯಿಯೊಂದು ಬಂದಿತು. ಒಂದೆರಡನ್ನು ಮೂಸಿ, ಹೆಚ್ಚು ಯೋಚಿಸದೆ ನನ್ನದೊಂದನ್ನು ಆರಿಸಿ ಕಚ್ಚಿಕೊಂಡು ಹೊರಟಿತು. ಎಲ್ಲರೂ ನನ್ನ ಮುಖ ನೋಡಿದರು. ನಾನು ಲೋಟ ಕೆಳಗಿಡಲಿಲ್ಲ.

ಹೀಗೆ, ಶೂ ಆರಿಸುವುದರಲ್ಲೇ ಮುಳುಗಿದ್ದವನು ಬರಿಗಾಲಲ್ಲಿ ಸ್ಕೂಟರ್ ಓಡಿಸಿಕೊಂಡು ತುಮಕೂರಿಗೆ ಬಂದೆ. ಹಿಂದೆ ಕೂತ ಗಿರಿಜಾ ಶೂ ಬಿಚ್ಚಿರಲೇ ಇಲ್ಲ. ದಾರಿಯಲ್ಲಿ ಚಪ್ಪಲಿ ಅಂಗಡಿಯೊಂದಕ್ಕೆ ನುಗ್ಗಿದೆವು. ಅಂಗಡಿಯವನು ನನ್ನ ತರಚಿದ ಕಾಲು, ಗುಂಡಿಯಿಲ್ಲದ ಅಂಗಿ ನೋಡಿ ಸೈಜ್ ಎಷ್ಟು ಎಂದ. ಗಿರಿಜಾ ನನ್ನನ್ನೇ ನೋಡುತ್ತಿದ್ದಳು.

ಒಂದು ಸೈಜ್ ದೊಡ್ಡದೇ ಕೊಡಿ ಎಂದೆ. ಆ ಹೊತ್ತು ನನಗೆ ನಿಜವಾಗಿಯೂ ಬೆಳೆಯುವ ವಯಸ್ಸು ಅನ್ನಿಸಿತ್ತು.