ಹಾಸುನೂಲು ಜಿಂಕೆಯ ಮೇವಲ್ಲ ಎಂಬ ಬಗ್ಗೆ

ಸಂಖ್ಯೆ: ಮೇವು/ಜಿಂಕೆ/೧೭/೧೯೫೬
ಬಿಡಾರ: ಮೆಟ್ಟುಪಾಳ್ಯಂ

ವಿಷಯ: ತಗ್ಗಿನ ಕಾಡಿನ ಜಿಂಕೆಯು ಅನುಮೋದಿತ ಸಸ್ಯಗಳನ್ನು ಬಿಟ್ಟು ಸರಸ್ವತಮ್ಮನವರ ನೂಲು ತಿಂದ ಬಗ್ಗೆ.

ಉಲ್ಲೇಖ: ಸದರಿಯವರು ಕಚೇರಿಯ ಮುಂದೆ ನಿಂತು ಆಡಿದ ಮಾತುಗಳು (ಶಿಷ್ಟವಾದವು ಮಾತ್ರ).

೧. ಕಾಡಂಚಿನ ನೇಕಾರರ ಬೀದಿಯ ಸರಸ್ವತಮ್ಮನವರು ಮಗಳು ಪದ್ಮಾಕ್ಷಿಯ ಧಾರೆ ಸೀರೆಗೆಂದು ಬೀದಿಯುದ್ದಕ್ಕೂ ಹಾಸುನೂಲು, ಅಂದರೆ ಮಗ್ಗದ ಉದ್ದೆಳೆಗಳನ್ನು, ಎಳೆದು ಕಟ್ಟಿ, ಗಂಜಿ ಹಾಕಿ, ಅದನ್ನು ಸವರುವ ಕುಂಚ ತರಲು ಒಳಗೆ ಹೋಗಿದ್ದರು. ಹಿಂದಿರುಗಿದಾಗ ಚುಕ್ಕೆ ಜಿಂಕೆಯೊಂದು ಗಂಜಿ ನೆಕ್ಕುತ್ತ, ನೂಲನ್ನೂ ಅಗಿಯುತ್ತಿತ್ತು. ಅವರು ಕೋಲೆತ್ತಿದರು, ಅದರ ಪಕ್ಕೆಲುಬುಗಳನ್ನೂ ಬಸುರಿ ಹೊಟ್ಟೆಯನ್ನೂ ಕಂಡು ಇಳಿಸಿದರು. ಕೋಲು ಇಳಿಸಲು ಪೂರ್ವಾನುಮತಿ ಪಡೆದಿಲ್ಲವೆಂಬುದನ್ನು ಗಮನಿಸಲಾಗಿದೆ.

೨. ಕಾಡಿನಲ್ಲಿ ಮೇವಿಲ್ಲವೆಂಬ ಅವರ ದೂರನ್ನು ತಳ್ಳಿಹಾಕಲಾಗಿದೆ. ಪಟ್ಟಿಯ ಪ್ರಕಾರ ಹುಲ್ಲು, ಬಿದಿರಿನ ಚಿಗುರು, ಉದುರಿದ ನೆಲ್ಲಿಕಾಯಿ ಲಭ್ಯವಿವೆ. ಹುಲ್ಲು ಕಾಳ್ಗಿಚ್ಚಿಗೆ ಸುಟ್ಟು, ಬಿದಿರು ಹೂಬಿಟ್ಟು ಸತ್ತು, ಉಳಿದೆಡೆ ಲಂಟಾನದ ಪೊದೆ ಹಬ್ಬಿದ್ದರೂ ಪಟ್ಟಿಯು ಹಸಿರಾಗಿಯೇ ಇದೆ.

೩. ಹತ್ತಿಯು ಸಸ್ಯವೇ ಆದರೂ ನೂಲಾದ ಮೇಲೆ ಕೈಮಗ್ಗದ ಶಾಖೆಗೆ ಸೇರತಕ್ಕದ್ದು. ಗಂಜಿಯು ಆಹಾರ ಶಾಖೆಗೆ. ಆದಕಾರಣ ಗಂಜಿ ಹಾಕಿದ ನೂಲು ತಿಂದ ಜಿಂಕೆಯು ಈ ಇಲಾಖೆಯ ಜಿಂಕೆಯಲ್ಲ.

೪. ಆದಾಗ್ಯೂ, ಮರುದಿನದಿಂದ ಕಾಡಿನ ಬೇಲಿಯ ಬಳಿ ಗಂಜಿಯ ಮಡಕೆಯಿಟ್ಟು ಇಲಾಖೆಯ ಜಿಂಕೆಯನ್ನು ಕೆಡಿಸಿದ್ದಕ್ಕಾಗಿ ರೇಂಜರ್ ವ್ಯಾಸರಾಯರು ಸರಸ್ವತಮ್ಮನವರಿಂದ ವಿವರಣೆ ಕೇಳಿದರು. ವಿವರಣೆ: “ಹಸ್ದು ಬಂದ ಬಸುರಿಗೆ ಗಂಜಿ ಹುಯ್ದೆ, ಸಾರ್. ಅದುಕ್ಕೂ ನಿಮ್ಮ ಪಟ್ಟಿ ಕೇಳ್ಬೇಕಾ?” ರೇಂಜರರು ಮಡಕೆಯ ಜಪ್ತಿಗೂ ಬೀದಿಯ ಕಾವಲಿಗೂ ಆಜ್ಞೆ ಮಾಡಿರುತ್ತಾರೆ.

೫. ಅದರಂತೆ ಗಾರ್ಡ್ ಮಾರಪ್ಪನ್ ದಿನವೂ ಬೆಳಿಗ್ಗೆ ಸರಸ್ವತಮ್ಮನವರ ಮಡಕೆಯನ್ನು ಜಪ್ತಿ ಮಾಡಿ, ತುಂಬಿದಂತೆಯೇ ಹೊತ್ತು ಕಾಡಿನೊಳಗೆ ಹೋಗಿ, ಖಾಲಿಯಾದ ಮೇಲೆ ಹಿಂದಿರುಗಿಸುತ್ತಿದ್ದಾನೆ. ಬೀದಿಗೆ ಜಿಂಕೆ ಬರಲಿಲ್ಲವೆಂದು ಮೊದಲು ವರದಿ ಮಾಡಿದ್ದನು. ಈಚೆಗೆ ಎರಡು ಜಿಂಕೆಗಳು, ಅವುಗಳಲ್ಲೊಂದು ಎಳೆಮರಿ, ಬರಲಿಲ್ಲವೆಂದು ವರದಿ ಮಾಡಿರುತ್ತಾನೆ. ಕಡಿದ ಎಳೆಗಳಿಗೆ ಗಂಟು ಹಾಕಿ ಸೀರೆ ನೇಯ್ದು ಮುಗಿದಿದೆ. ಗಂಟುಗಳಿರುವ ಭಾಗವನ್ನು ನೆರಿಗೆಯೊಳಗೆ ಬರುವಂತೆ ಉಡತಕ್ಕದ್ದು.

೬. ಬೀದಿಯವರು ಮನೆಯಲ್ಲಿ ಕನ್ನಡ ಆಡುವುದರಿಂದ ಇದನ್ನು ಕನ್ನಡದಲ್ಲಿ ಹೊರಡಿಸಲಾಗಿದೆ. ಅವರಿಗೆ ಕನ್ನಡ ಓದಲು ಬಾರದ್ದರಿಂದ ಮಾರಪ್ಪನ್ ತಮಿಳಿನಲ್ಲಿ ಓದಿ ಹೇಳತಕ್ಕದ್ದು. ಅವನಿಗೂ ಕನ್ನಡ ಓದಲು ಬಾರದೆಂಬುದು ಪರಿಶೀಲನೆಯಲ್ಲಿದೆ.

(ಸಹಿ ಓದಲಾಗದು)
ಮೇವು ಅಧೀಕ್ಷಕರ ಪರವಾಗಿ

ಪ್ರತಿಗಳು:
ಸರಸ್ವತಮ್ಮನವರಿಗೆ, ತಿಳುವಳಿಕೆಗಾಗಿ.
ಸದರಿ ಜಿಂಕೆಗೆ, ಕಟ್ಟುನಿಟ್ಟಿನ ಪಾಲನೆಗಾಗಿ.
ಹುಲ್ಲಿಗೆ, ಬೆಳೆದ ನಂತರ.